ಸಾಲಿನಲ್ಲಿ ನಿಂತ ಹನ್ನೊಂದು ಚೀಲ

ಹಿಕ್ಸ್‌ವಿಲ್ ಸ್ಟೇಷನ್ ಪಕ್ಕದ ದಿನಸಿ ಅಂಗಡಿಗೆ ಹೋದವರಿಗೆಲ್ಲ ಈಶಣ್ಣ ಗೊತ್ತು. ವಾರವೆಲ್ಲ ಅಲ್ಲಿ ಅಕ್ಕಿಮೂಟೆ ಇಳಿಸುವವನು, ಶನಿವಾರ ಬಂತೆಂದರೆ ವ್ಯಾನ್ ಡ್ರೈವರ್. ಆಗ ತೊಂಬತ್ತೊಂಬತ್ತನೇ ಇಸವಿ. ಎರಡು ಸಾವಿರದ ಇಸವಿಗೆ ಕಂಪ್ಯೂಟರ್ ಕೆಡದಂತೆ ನೋಡುವ ವೈಟೂಕೆ ಕೆಲಸಕ್ಕೆಂದು ಮೂರು ವರ್ಷದಿಂದ ಬಂದ ನಮ್ಮ ಹುಡುಗರು ಅಕ್ಕಪಕ್ಕದ ಜೆರಿಕೋದಲ್ಲೂ ಬೆಲ್‌ರೋಸ್‌ನಲ್ಲೂ ತುಂಬಿಕೊಂಡಿದ್ದರು. ಬೇಸಿಗೆಗೆ ಅವರ ಅಪ್ಪ ಅಮ್ಮಂದಿರು ಬಂದಿಳಿಯುವರು. ಹುಡುಗರಿಗೋ ಶನಿವಾರವೂ ಆಫೀಸು. ಹೀಗಾಗಿ ಹಿರಿಯರನ್ನು ಫಿಲಡೆಲ್ಫಿಯಾಕ್ಕೆ ಕರೆದೊಯ್ದು ತೋರಿಸಿಕೊಂಡು ಬರುವುದು ಈಶಣ್ಣನ ಪಾಲಿಗೆ ಬಂತು.

ಮೂರು ವರ್ಷ ಹೋಗಿ ಬಂದು ಈಶಣ್ಣನಿಗೆ ಆ ಊರೆಂದರೆ ಹೇಸಿಗೆ. ಸಾರೋಟು ನಿಲ್ಲುವ ಬೀದಿಯ ಕುದುರೆ ಉಚ್ಚೆಯ ನಾತ, ಮೂಲೆ ಮೂಲೆಯಲ್ಲಿ ಈರುಳ್ಳಿ ಜೊತೆ ಮಾಂಸ ಹುರಿಯುವ ಹೊಗೆ. ಮೂಗು ಮುಚ್ಚಿಕೊಂಡೇ ದಾಟುತ್ತಿದ್ದ. ಅದನ್ನಾದರೂ ತಡೆದಾನು, ತನ್ನ ವ್ಯಾನಿನೊಳಗಿನದು ತಡೆಯಲಾರ. ಸೀಟಿನ ಸಂದಿಯಲ್ಲಿ ತುರುಕಿದ ಕಿತ್ತಳೆ ಸಿಪ್ಪೆ. ಪೇಪರ್ ಕಪ್ಪಿನಲ್ಲಿ ಉಗಿದು, ಕಪ್ಪನ್ನು ಅಲ್ಲೇ ಬಿಟ್ಟುಹೋದ ಎಲೆಅಡಿಕೆ. ಸ್ವಾತಂತ್ರ್ಯದ ಗುರುತೆಂದು ಗಾಜಿನ ಮನೆಯಲ್ಲಿಟ್ಟ ದೊಡ್ಡ ಗಂಟೆಯ ಮುಂದೆ ಎರಡು ನಿಮಿಷ, ಒಂದು ಫೋಟೋ, “ಬಿರುಕು ಬಿಟ್ಟ ಗಂಟೆ ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ?” ಎಂಬ ಮಾತು. ಆಮೇಲೆ ಎಲ್ಲರ ಬಾಯಲ್ಲೂ ಒಂದೇ ಜಪ, ಅಗ್ಗದ ಬಟ್ಟೆಬರೆ ಸಿಗುವ ಔಟ್‌ಲೆಟ್ ಮಾಲ್.

ಇಷ್ಟೆಲ್ಲ ಹೇಸಿದರೂ ಈಶಣ್ಣನಿಗೆ ಒಂದು ಆಸೆ ಉಳಿದಿತ್ತು. ಈ ದೇಶದ ಸ್ವಾತಂತ್ರ್ಯ ಪತ್ರಕ್ಕೆ ಸಹಿ ಬಿದ್ದ ಕೋಣೆಯನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಜನರನ್ನು ಬಾಗಿಲಲ್ಲಿ ಇಳಿಸಿ, ಪಾರ್ಕಿಂಗ್ ಸಿಗದೆ ಬೀದಿ ಸುತ್ತುತ್ತಿದ್ದ. ಒಳಗಿನ ವಿವರವನ್ನು ಪುಕ್ಕಟೆ ಕೊಡುವ ಕಾಗದ ನೋಡಿ ಬಾಯಿಪಾಠ ಒಪ್ಪಿಸುತ್ತಿದ್ದ. ಈಗ ಸಿಟಿಜನ್‌ಶಿಪ್ ಪರೀಕ್ಷೆ ಪಾಸಾಗಿತ್ತು, ಬರುವ ಬುಧವಾರ ಪ್ರಮಾಣವಚನ. ಅಷ್ಟರೊಳಗೆ ಆ ಕೋಣೆಯಲ್ಲಿ ಒಮ್ಮೆ ನಿಲ್ಲಬೇಕೆಂದು ಹಟ ಹಿಡಿದು, ಆ ಶನಿವಾರ ವ್ಯಾನನ್ನು ದೂರದ ಪಾರ್ಕಿಂಗ್ ಲಾಟ್‌ನಲ್ಲಿ ಬಿಟ್ಟು ಬಂದ.

ಹೊರಗೆ ಉದ್ದ ಸಾಲು. ಕಾವಲಿನವರು ಒಂದೊಂದು ಗುಂಪನ್ನೇ ಎಣಿಸಿ ಒಳಗೆ ಬಿಡುವರು. ಈಶಣ್ಣನ ಹತ್ತಿರ ಇದಕ್ಕೊಂದು ಉಪಾಯವಿತ್ತು. ಅವನ ಊರು ಟಿ. ನರಸೀಪುರದಲ್ಲಿ ಸೀಮೆಎಣ್ಣೆ ಬರುವ ದಿನ ಅಂಗಡಿ ಮುಂದೆ ಜನ ನಿಲ್ಲುವುದಿಲ್ಲ, ಡಬ್ಬಗಳು ನಿಲ್ಲುತ್ತವೆ. ಡಬ್ಬ ಇಟ್ಟವರು ಮನೆಗೆ ಹೋಗಿ ಊಟ ಮಾಡಿ ಬಂದರೂ ಅವರ ಜಾಗ ಅವರದೇ. ಅದೇ ರೀತಿ ಹತ್ತು ಜನರ ಹತ್ತು ಚೀಲ, ತನ್ನದೊಂದು, ಸಾಲಿನಲ್ಲಿ ಜೋಡಿಸಿಟ್ಟು, “ಬನ್ನಿ, ಅಷ್ಟರಲ್ಲಿ ಗಂಟೆ ನೋಡಿ, ಈ ಡಬ್ಬಿಯ ಇಡ್ಲಿ ತಿಂದು ಬರೋಣ” ಅಂದ.

“ಯಾರಾದ್ರೂ ಒಬ್ರು ನಿಲ್ಬಾರ್ದೇನಪ್ಪ?” ಎಂದು ಕೇಳಿದವರು ಶೈಲಮ್ಮ. ಚಾಮರಾಜನಗರದಲ್ಲಿ ಮೇಡಂ ಆಗಿದ್ದವರು, ಮಕ್ಕಳಿಗೆ ಇದೇ ಚರಿತ್ರೆ ಪಾಠ ಮಾಡಿದವರು.

“ಚೀಲ ನಿಂತಿದೆಯಲ್ಲ ಮೇಡಂ, ಸಾಕು.”

ಮುಕ್ಕಾಲು ಗಂಟೆ ಬಿಟ್ಟು ಬಂದು ನೋಡಿದರೆ ಸಾಲು ಬಾಗಿಲ ತನಕ ಸರಿದಿತ್ತು. ಚೀಲಗಳೂ ಸರಿದಿದ್ದವು! ಹತ್ತೂ ಜನ ನುಗ್ಗಿ ತಮ್ಮ ತಮ್ಮ ಚೀಲ ಎತ್ತಿಕೊಂಡು ನಿಂತರು. ಕೊನೆಗೆ ಈಶಣ್ಣ. ಅವನ ಬೆನ್ನ ಹಿಂದೆ ಕೋಲೂರಿದ ಬಿಳಿಕೂದಲ ಮುದುಕಿ, ಎದೆಯ ಮೇಲೆ ಪ್ರವಾಸದ ಬಸ್ಸಿನವರು ಅಂಟಿಸಿದ ಚೀಟಿಯಲ್ಲಿ ಮಾರ್ಗರೆಟ್ ಎಂಬ ಹೆಸರು.

“ಬಂದಿರಾ, ಸದ್ಯ!” ಎಂದಳು ಅವಳು ಇಂಗ್ಲಿಷಿನಲ್ಲಿ. “ನಿಮ್ಮಲ್ಲಿ ಯಾರಿಗೋ ಹುಷಾರು ತಪ್ಪಿರಬೇಕು ಅಂದುಕೊಂಡೆ. ಅದಕ್ಕೇ ಸಾಲು ಸರಿದಾಗಲೆಲ್ಲ ನಾನೇ ತಳ್ಳಿಕೊಂಡು ಬಂದೆ. ಒಂದರಿಂದ ಏನೋ ಸೋರಿತು, ಒರೆಸಿದ್ದೇನೆ.”

ಈಶಣ್ಣ ಬಗ್ಗಿ ನೋಡಿದ. ಬಿಸಿಲಿಗೆ ಹುಳಿ ಬಂದ ಮೊಸರನ್ನ ಅವಳ ಬಿಳಿ ಬೂಟಿನ ಮೇಲೆ, ಕೋಲಿನ ತುದಿಯಲ್ಲಿ. ಒಂದು ಸಾಸಿವೆಕಾಳು ಅವಳ ಬೆರಳಿಗೇ ಅಂಟಿತ್ತು. ಸೋರಿದ್ದು ಈಶಣ್ಣನ ಚೀಲವೇ.

ಅಷ್ಟರಲ್ಲಿ ಕಾವಲಿನವನು ಎಣಿಸುತ್ತ ಬಂದು, ಈಶಣ್ಣನ ಹಿಂದೆ ಕೈ ಅಡ್ಡ ಹಿಡಿದ. ಗುಂಪು ಭರ್ತಿ, ಉಳಿದವರು ಮುಂದಿನ ಸರದಿಗೆ.

ಮಾರ್ಗರೆಟ್ ಗಡಿಯಾರ ನೋಡಿಕೊಂಡಳು. “ಅಷ್ಟರಲ್ಲಿ ನನ್ನ ಬಸ್ಸು ಹೊರಟಿರುತ್ತದೆ. ಇರಲಿ ಬಿಡಿ” ಎಂದಳು.

ಈಶಣ್ಣ ಮುಂದೆ ನಿಂತಿದ್ದ ಶಿವಕುಮಾರರ ತೋಳು ಹಿಡಿದ. ಅವರು ರಿಟೈರಾದ ಇಂಜಿನಿಯರು, ಮಗ ಬೆಲ್‌ರೋಸ್‌ನಲ್ಲಿ. “ಸಾರ್, ಬೆಳಿಗ್ಗೆಯಿಂದ ಔಟ್‌ಲೆಟ್ ಔಟ್‌ಲೆಟ್ ಅಂತಿದ್ದೀರಿ. ನಿಮ್ಮ ಜಾಗ ಆಯಮ್ಮನಿಗೆ ಬಿಟ್ಕೊಡಿ. ಅವರಿಲ್ದಿದ್ರೆ ಚೀಲ ಇಲ್ಲಿಗೆ ಬರ್ತಾನೇ ಇರ್ಲಿಲ್ಲ.”

“ಚೆನ್ನಾಗಿದೆ ಕಣ್ರೀ! ಇಲ್ಲಿ ತನಕ ಬಂದು ಒಳಗೆ ಹೋಗ್ಲಿಲ್ಲ ಅಂದ್ರೆ ಮಗ ನಗಲ್ವಾ? ಆಯಮ್ಮ ಈ ದೇಶದೋಳು, ನಾಳೆ ಬೇಕಾದ್ರೂ ಬರ್ತಾಳೆ. ನಾವು ಬರ್ತೀವಾ?”

ಉಳಿದವರು ಆಕಾಶ ನೋಡಿದರು, ಕ್ಯಾಮೆರಾ ನೋಡಿದರು. ಶೈಲಮ್ಮ ಸೆರಗು ಸರಿಮಾಡಿಕೊಂಡರು. ಒಬ್ಬರೂ ಕದಲಲಿಲ್ಲ.

ಈಶಣ್ಣ ಸಾಲಿನಿಂದ ಹೊರಗೆ ಬಂದ. ಮುದುಕಿಗೆ ದಾರಿ ಬಿಟ್ಟು, ಸೋರುವ ಚೀಲವನ್ನು ಕಸದ ಡಬ್ಬಿಗೆ ಎಸೆದು, ಕೈ ತೊಳೆದ. ಮತ್ತೆ ತೊಳೆದ. ಮೂರು ವರ್ಷ ಯಾರ ಯಾರ ಎಂಜಲಿಗೋ ಹೇಸಿದವನಿಗೆ ಅಂದು ತನ್ನ ಮೇಲೆಯೇ ವಾಕರಿಕೆ ಬಂದಿತ್ತು.

ಅರ್ಧ ಗಂಟೆಗೆ ಎಲ್ಲರೂ ಹೊರಬಂದರು. ಮಾರ್ಗರೆಟ್ ಅವನ ಕೈ ಅದುಮಿ ಬಸ್ಸಿನ ಕಡೆ ನಡೆದಳು.

“ಏನ್ರೀ ಈಶಣ್ಣ, ಏನೂ ಇಲ್ಲ ಒಳಗೆ! ಮೇಜು, ಕುರ್ಚಿ ಅಷ್ಟೆ. ನಮ್ಮ ತಾಲ್ಲೂಕು ಆಫೀಸಿನ ಹಾಗಿದೆ” ಎಂದರು ಶಿವಕುಮಾರ. “ನಡೀರಿ, ವ್ಯಾನ್ ತೆಗೀರಿ.”

“ಮರದ ಕೆಳಗೆ ಕೂತಿರಿ ಸಾರ್. ನಾನು ನೋಡಿ ಬರ್ತೀನಿ.”

“ಎಷ್ಟು ಹೊತ್ತು?”

“ಸಾಲು ಎಷ್ಟಿದೆಯೋ ಅಷ್ಟು ಹೊತ್ತು.”

“ಔಟ್‌ಲೆಟ್ ಮುಚ್ಚೋಗುತ್ತೆ! ನಿಮಗೆ ಊರು ತೋರಿಸೋಕಾ ನಾವು ಬಂದಿರೋದು?”

“ಮುಚ್ಲಿ” ಅಂದ ಈಶಣ್ಣ. ವ್ಯಾನಿನ ಕೀಲಿ ಜೇಬಿಗೆ ಹಾಕಿಕೊಂಡು, ಸಾಲಿನ ತುದಿ ಹುಡುಕಿಕೊಂಡು ಹೋಗಿ ನಿಂತ.

ಸ್ವಲ್ಪ ಹೊತ್ತಿಗೆ ಶೈಲಮ್ಮ ನೀರಿನ ಬಾಟಲಿ ಹಿಡಿದು ಬಂದರು. “ನಾನಾದ್ರೂ ಜಾಗ ಬಿಡ್ಬೇಕಿತ್ತು ಈಶಣ್ಣ. ಬಾಯಿ ಬರ್ಲಿಲ್ಲ. ಅಷ್ಟು ಆಸೆಯಿತ್ತು ನೋಡಿ.”

“ನನಗೂ ಇತ್ತು ಮೇಡಂ” ಅಂದ ಈಶಣ್ಣ. ನೀರು ಮಾತ್ರ ಇಸಿದುಕೊಂಡ.

ಒಂದೂವರೆ ಗಂಟೆ ನಿಂತು ಒಳಗೆ ಹೋದ. ಹಸಿರು ಬಟ್ಟೆ ಹೊದಿಸಿದ ಮೇಜುಗಳ ಮುಂದೆ, ಕಟಕಟೆ ಹಿಡಿದು, ಹೊರಡಿ ಅನ್ನುವ ತನಕ ನಿಂತಿದ್ದ. ಔಟ್‌ಲೆಟ್ ಅಷ್ಟೊತ್ತಿಗೆ ಮುಚ್ಚಿತ್ತು. ಬೆಲ್‌ರೋಸ್‌ನಿಂದ ಶಿವಕುಮಾರರ ಮಗನ ಫಿರ್ಯಾದು ಬಂತು, ಶನಿವಾರದ ವ್ಯಾನಿಗೆ ಇನ್ನೊಬ್ಬ ಡ್ರೈವರು ಸಿಕ್ಕಿದ. ಬುಧವಾರ ಈಶಣ್ಣ ಬಲಗೈ ಎತ್ತಿ ಪ್ರಮಾಣ ಮಾಡಿ ಬಂದು, ಮಧ್ಯಾಹ್ನಕ್ಕೆಲ್ಲ ಅಕ್ಕಿಮೂಟೆ ಇಳಿಸುತ್ತಿದ್ದ.

ಅಪ್ಪ ಅಮ್ಮ ಬಂದಿದ್ದಾರೆ, ಫಿಲಡೆಲ್ಫಿಯಾ ತೋರಿಸ್ತೀಯಾ ಎಂದು ಅಂಗಡಿಯಲ್ಲಿ ಯಾರಾದರೂ ಕೇಳಿದರೆ ತಲೆ ಎತ್ತುವುದಿಲ್ಲ.

“ರೈಲಿದೆ, ಹೋಗಿ. ಸಾಲಿದೆ, ನಿಲ್ಲಿ.”