ಹಾಬಿಸ್ ಮುಟ್ಟದ ವ್ಯಾನು

ನಮ್ಮ ಗುಡ್ಡದೂರು ತಫೀಲಾದಲ್ಲಿ ಹಳೇ ಗಾಡಿ ಕೊಳ್ಳುವವರು ಮೊದಲು ಹಾಬಿಸನನ್ನು ಕೇಳುತ್ತಿದ್ದರು, ಆಮೇಲೆ ಹೆಂಡತಿಯನ್ನು. ಅವನ ಗ್ಯಾರೇಜಿನ ಪಕ್ಕದಲ್ಲೇ ನನ್ನ ಪಂಕ್ಚರ್ ಅಂಗಡಿ. ಇಪ್ಪತ್ತೆರಡು ವರ್ಷ ಅವನ ಕೆಲಸ ನೋಡಿದ್ದೇನೆ. ಹಾಗಾಗಿ ನನಗೆ ಗೊತ್ತಾಗಲಿಲ್ಲ ಎಂದು ಹೇಳಿಕೊಳ್ಳುವ ಮುಖ ನನಗಿಲ್ಲ.

ಅವನು ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದ. ಬೆಚ್ಚಗಿದ್ದರೆ ಆ ಗಾಡಿಯನ್ನು ಅವತ್ತು ನೋಡುತ್ತಲೇ ಇರಲಿಲ್ಲ. ಕಾದ ಎಂಜಿನ್ ತನ್ನ ಸವೆತವನ್ನು ಮುಚ್ಚಿಡುತ್ತದೆ, ಮಾರುವವರಿಗೂ ಅದು ಗೊತ್ತು. ತಣ್ಣಗಿದ್ದರೆ ನಮ್ಮ ಓಣಿಯ ಇಳಿಜಾರಿಗೆ ಒಯ್ದು, ಎಂಜಿನ್ ಆರಿಸಿ, ಒಂದನೇ ಗೇರಿಗೆ ಹಾಕಿ ಹ್ಯಾಂಡ್‌ಬ್ರೇಕ್ ಬಿಡುತ್ತಿದ್ದ. ಎಂಜಿನ್ನಿಗೆ ದಮ್ಮಿದ್ದರೆ ಒಳಗೆ ಸಿಕ್ಕ ಗಾಳಿಯೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ದಮ್ಮಿಲ್ಲದಿದ್ದರೆ ಗಾಳಿ ಉಸ್ಸೆಂದು ಸೋರಿ ಗಾಡಿ ಒಂದು ಗೇಣು ಜಾರುತ್ತದೆ, ನಿಲ್ಲುತ್ತದೆ, ಮತ್ತೊಂದು ಗೇಣು ಜಾರುತ್ತದೆ. ಆಮೇಲೆ ಪ್ಲಗ್ ಬಿಚ್ಚಿ, ಹಳೇ ಕಾಲುಚೀಲದಿಂದ ಮೀಟರು ತೆಗೆದು ಕೂರಿಸಿ ಒತ್ತಡ ಓದುತ್ತಿದ್ದ. ಕಡಿಮೆ ಬಂದರೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಓದುತ್ತಿದ್ದ. ಮುಳ್ಳು ಮೇಲೇರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವು ಕೆಟ್ಟಿದೆ. ಹೇಳುವುದನ್ನು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದ.

ಆ ಬಿಳಿ ವ್ಯಾನು ನಾನು ಕೊಳ್ಳುವ ಮೂರು ದಿನ ಮೊದಲು ಹಾಬಿಸನ ಮನೆಯಲ್ಲಿ ಒಂದು ಸಂಗತಿ ನಡೆದಿತ್ತು. ನನಗೆ ತಿಳಿದದ್ದು ಬಹಳ ತಡವಾಗಿ. ನಿಮಗೆ ಈಗಲೇ ಹೇಳಿಬಿಡುತ್ತೇನೆ.

ವ್ಯಾನಿನ ಮಾಲೀಕ ಮುತ್ಲಕ್ ಮೂವರು ಹಿರಿಯರನ್ನು ಕರೆದುಕೊಂಡು ಅವನ ಮನೆಗೆ ಹೋದ. ಹಾಬಿಸ್ ಕಾಫಿ ಕೊಟ್ಟ. ಎಲ್ಲರಿಗಿಂತ ಹಿರಿಯನಾದವನು ಕಪ್ಪನ್ನು ಕುಡಿಯದೆ ನೆಲದ ಮೇಲಿಟ್ಟ. ಹೀಗೆ ಇಟ್ಟರೆ ಬಂದವರು ಏನೋ ಬೇಡಲು ಬಂದಿದ್ದಾರೆಂದು ಅರ್ಥ. ಬೇಡಿದ್ದು ಸಿಗುವ ತನಕ ಕುಡಿಯುವುದಿಲ್ಲ, ಮನೆಯಲ್ಲಿ ಕಾಫಿ ಆರಿಹೋದರೆ ಮನೆಯವನಿಗೆ ಅವಮಾನ. ಹಾಬಿಸನಿಗೆ ಮದುವೆಗೆ ಬಂದ ಮಗಳಿದ್ದಳು. ಮುತ್ಲಕನ ತಮ್ಮನ ಮಗನಿಗೆ ಅವಳ ಮೇಲೆ ಮನಸ್ಸಿದೆಯೆಂದು ಊರಲ್ಲಿ ಮಾತಿತ್ತು. ಹೆಣ್ಣು ಕೇಳಲು ಬಂದರೆಂದು ಅವನು ಹಿಗ್ಗಿಬಿಟ್ಟ.

"ಕುಡೀರಿ ಚಿಕ್ಕಪ್ಪಾ," ಎಂದ. "ನೀವು ಏನಕ್ಕೆ ಬಂದ್ರೋ ಅದು ನಿಮ್ದೇ."

ಹಿರಿಯ ಕುಡಿದ. ಕುಡಿದ ಮೇಲೆ ಹೇಳಿದ: "ದೇವರು ನಿನ್ನ ಮನೆ ಚೆನ್ನಾಗಿಟ್ಟಿರ್ಲಿ, ಹಾಬಿಸ್. ಮುತ್ಲಕನ ವ್ಯಾನು ನೀನು ಮುಟ್ಬಾರ್ದು. ಅದರ ಎಂಜಿನ್ ವಿಷ್ಯ ಯಾರ ಹತ್ರಾನೂ ಬಾಯಿ ಬಿಡ್ಬಾರ್ದು."

ಬಾಗಿಲ ಹಿಂದೆ ಮಗಳು ನಿಂತಿದ್ದಳಂತೆ.

ಇದೇನೂ ತಿಳಿಯದ ನಾನು ವ್ಯಾನನ್ನು ಅವನ ಮುಂದೆ ತಂದು ನಿಲ್ಲಿಸಿದೆ. ಹೆದ್ದಾರಿಯಲ್ಲಿ ಟೈರು ರಿಪೇರಿಗೆ ಓಡಾಡಬೇಕೆಂಬ ಆಸೆ ನನ್ನದು.

"ನೋಡಿ ಹೇಳೋ," ಎಂದೆ.

ಅವನು ನೋಡಲಿಲ್ಲ. "ನಂಗೆ ಕೈ ನೋವು. ಕರಕ್‌ಗೆ ಒಯ್ದು ತೋರ್ಸು."

"ಅಷ್ಟು ದೂರ ಯಾರು ಹೋಗ್ತಾರೆ ಮಾರಾಯಾ? ಕೆಟ್ಟದ್ದು ಅಂತಾದ್ರೂ ಹೇಳು."

"ಕರಕ್‌ಗೆ ಒಯ್ಯಿ ಹಮೂದ್," ಎಂದ.

ನಾನೇ ಬಾನೆಟ್ ಮುಟ್ಟಿದೆ. ಒಲೆಯ ಕಲ್ಲಿನಂತೆ ಕಾದಿತ್ತು. ಆದರೂ ಹಾಬಿಸ್ ಬೇಡ ಅನ್ನಲಿಲ್ಲವಲ್ಲ ಎಂದುಕೊಂಡೆ, ಅಂದೇ ಕೊಂಡುಬಿಟ್ಟೆ. ಕರಕ್‌ಗೆ ಹೋಗಿಬರಲು ಸೋಮಾರಿತನ, ಅಷ್ಟೇ.

ನನ್ನ ಮನೆ ಓಣಿಯ ತುದಿಯಲ್ಲಿ, ಮೇಲೆ. ಇಳಿಜಾರಿನ ಕೆಳಗೆ ರೊಟ್ಟಿ ಅಂಗಡಿ. ಬೆಳಕು ಹರಿಯುವ ಹೊತ್ತಿಗೆ ಹೆಂಗಸರು ಅಲ್ಲಿ ಸಾಲು ನಿಲ್ಲುತ್ತಾರೆ, ನನ್ನ ಹೆಂಡತಿ ಫಿದ್ದಾ ಕೂಡ. ಚಳಿಗಾಲದಲ್ಲಿ ಹ್ಯಾಂಡ್‌ಬ್ರೇಕಿನ ತಂತಿ ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತದೆಂದು ನಾವೆಲ್ಲ ಗಾಡಿಯನ್ನು ಬರೀ ಗೇರಿನಲ್ಲಿ ನಿಲ್ಲಿಸುತ್ತೇವೆ. ನಾನೂ ಹಾಗೇ ನಿಲ್ಲಿಸಿದೆ.

ಮಾರನೇ ಬೆಳಿಗ್ಗೆ ನೋಡಿದರೆ ಮುಂದಿನ ಚಕ್ರಕ್ಕೆ ಒಂದು ದೊಡ್ಡ ಕಲ್ಲು ಒತ್ತಿಟ್ಟಿತ್ತು. ನಾನು ಕಲ್ಲು ಸರಿಸಿ ಕೆಲಸಕ್ಕೆ ಹೋಗಿ ಬಂದು ನಿಲ್ಲಿಸಿದರೆ ಸಂಜೆ ಮತ್ತೆ ಕಲ್ಲು. ಇಡುತ್ತಿದ್ದವನು ಹಾಬಿಸ್. ಬೆಳಿಗ್ಗೆ ನಮಾಜು ಮುಗಿಸಿ ಮತ್ತೊಮ್ಮೆ ಹತ್ತಿ ಬಂದು ಕಲ್ಲು ನೆಟ್ಟಗಿದೆಯೇ ಎಂದು ಕಾಲಿಂದ ಒದ್ದು ನೋಡಿ ಹೋಗುತ್ತಿದ್ದ. ಯಾಕೋ ಎಂದರೆ ತಿರುಗಿ ಇಳಿದುಬಿಡುತ್ತಿದ್ದ. ನಾನು ಇರುವಾಗ ನನ್ನ ಮುಖವನ್ನೂ ನೋಡುತ್ತಿರಲಿಲ್ಲ. ವ್ಯಾನು ಬೆಳಿಗ್ಗೆ ಸ್ಟಾರ್ಟ್ ಆಗಲು ಬಹಳ ಸತಾಯಿಸುತ್ತಿತ್ತು, ನೀಲಿ ಹೊಗೆ ಉಗುಳುತ್ತಿತ್ತು. ಒಂದೊಂದು ಸಲ ನಿಲ್ಲಿಸಿ ಇಳಿದಾಗ ಒಳಗಿನಿಂದ ಉಸ್ಸೆಂಬ ಸದ್ದು ಕೇಳಿಸಿದಂತಾಗುತ್ತಿತ್ತು. ನಾನು ಬೇಗ ಮನೆಯೊಳಗೆ ಹೋಗಿಬಿಡುತ್ತಿದ್ದೆ.

ಓಣಿಯವರು ನಗಲು ಶುರುಮಾಡಿದರು. "ಏನು ಹಮೂದ್, ನಿನ್ನ ವ್ಯಾನಿಗೆ ಹಾಬಿಸ್ ದಾದಿಯಾಗಿದ್ದಾನಾ?" ಎಂದ ರೊಟ್ಟಿಯವನು. ಹದಿನೇಳನೇ ದಿನ ಸಂಜೆ ನನಗೆ ಸಿಟ್ಟು ನೆತ್ತಿಗೇರಿತು. ಹಾಬಿಸ್ ಇಟ್ಟು ಹೋದ ಕಲ್ಲನ್ನು ಎತ್ತಿ ಕಣಿವೆಗೆ ಎಸೆದೆ.

ಮಾರನೇ ಬೆಳಗಿನ ಜಾವ ಹಿಮ ಬಿದ್ದಿತ್ತು. ಫಿದ್ದಾ ರೊಟ್ಟಿಗೆಂದು ಇಳಿದು ಹೋಗಿದ್ದಳು. ನಾನು ಚಹಾ ಕಾಯಿಸುತ್ತಿದ್ದೆ. ಹೊರಗೆ ಜಲ್ಲಿ ಕಲ್ಲು ಕರಕರ ಎಂದಿತು, ನಿಂತಿತು. ಮತ್ತೆ ಕರಕರ ಎಂದಿತು. ಓಡಿ ಬಾಗಿಲು ತೆಗೆದೆ. ವ್ಯಾನು ಇದ್ದ ಜಾಗದಲ್ಲಿ ಇರಲಿಲ್ಲ. ಎಂಜಿನ್ ಆರಿದ್ದ ಗಾಡಿ ಕೆಮ್ಮುತ್ತ ಕೆಮ್ಮುತ್ತ ಇಳಿಯುತ್ತಿತ್ತು, ಇಳಿದಂತೆ ಕೆಮ್ಮು ಒಂದಕ್ಕೊಂದು ಕೂಡಿ ಓಟವಾಯಿತು. ಕೆಳಗೆ ಸಾಲಿನಲ್ಲಿ ಫಿದ್ದಾ ಬೆನ್ನು ಹಾಕಿ ನಿಂತಿದ್ದಳು. ನಾನು ಬರಿಗಾಲಲ್ಲೇ ಹಿಂದೆ ಓಡಿದೆ.

ಹಾಬಿಸ್ ಆಗಷ್ಟೇ ಹತ್ತಿ ಬರುತ್ತಿದ್ದ. ಬಾಗಿಲ ಹಿಡಿಕೆ ಎಳೆದ, ಬೀಗ ಹಾಕಿತ್ತು. ಗೋಡೆಯಿಂದ ಸಡಿಲವಾಗಿದ್ದ ಕಲ್ಲೊಂದನ್ನು ಕಿತ್ತು ಚಕ್ರದ ಮುಂದೆ ಹಾಕಿದ. ಹಿಮದಲ್ಲಿ ಕಲ್ಲು ಜಾರಿತು. ಅದನ್ನು ಪಾದದಿಂದ ಒತ್ತಿ ಹಿಡಿದ. ಚಕ್ರ ಕಲ್ಲನ್ನೂ ಅವನ ಬಲಪಾದವನ್ನೂ ಹತ್ತಿ ನಿಂತಿತು. ಸಾಲಿನ ಕೊನೆಯವಳಿಗೂ ವ್ಯಾನಿಗೂ ನಡುವೆ ಉಳಿದದ್ದು ನಾಲ್ಕು ಹೆಜ್ಜೆ.

ಆಸ್ಪತ್ರೆಯಲ್ಲಿ ಅವನ ಪಾದ ತೆಗೆದರು. ಮೂರನೇ ದಿನ ನಾನು ಹೋದೆ. ಹಾಸಿಗೆಯಲ್ಲೇ ಕೂತು ಫ್ಲಾಸ್ಕಿನಿಂದ ನನಗೆ ಕಾಫಿ ಬಗ್ಗಿಸಿ ಕೊಟ್ಟ. ನಾನು ಕಪ್ಪನ್ನು ನೆಲದ ಮೇಲಿಟ್ಟೆ.

"ನಿಂಗೆ ಮೊದ್ಲೇ ಗೊತ್ತಿತ್ತಾ ಹಾಬಿಸ್? ಹೇಳೋ ತನಕ ಕುಡಿಯಲ್ಲ."

ಅವನ ಕಣ್ಣು ತುಂಬಿತು. ಕಪ್ಪನ್ನು ನೋಡಿದ.

"ಆರಿ ಹೋಗ್ಲಿ ಬಿಡು," ಎಂದ.

ನಾನು ಎದ್ದು ಹೊರಗೆ ಬಂದೆ. ಮೊಗಸಾಲೆಯ ಬೆಂಚಿನಲ್ಲಿ ಕೂತಿದ್ದ ಅವನ ಹೆಂಡತಿ ತಲೆವಸ್ತ್ರದ ಅಂಚು ಹಿಂಡುತ್ತ, ಮುತ್ಲಕನ ಹಿರಿಯರು ಮನೆಗೆ ಬಂದ ಕಥೆಯನ್ನೆಲ್ಲ ಹೇಳಿದಳು. "ನಮ್ಮನೆಯವ್ರು ಮಾತು ಕೊಟ್ಟಿದ್ದು. ನಾನು ಕೊಟ್ಟಿಲ್ಲ," ಎಂದಳು.

ನನಗೆ ಅವನ ಮೇಲೆ ಸಿಟ್ಟು ಬಂತು, ಇವತ್ತಿಗೂ ಇದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚು. ಒಳಗೆ ಹೋದೆ. ಹಾಬಿಸ್ ಗೋಡೆ ಕಡೆ ತಿರುಗಿ ಮಲಗಿದ್ದ. ನೆಲದ ಮೇಲಿನ ಕಪ್ಪು ಎತ್ತಿಕೊಂಡು, ತಣ್ಣಗಾಗಿದ್ದ ಕಾಫಿಯನ್ನು ಅವನಿಗೆ ಕೇಳಿಸುವ ಹಾಗೆ ಕುಡಿದೆ.