ದೊಡ್ಡಮ್ಮ ಆರಿಸಿಕೊಂಡ ಎರೆಮಣ್ಣು

ನನ್ನ ದೊಡ್ಡಮ್ಮ ಟೈಪಿಂಗ್ ಕಲಿಸುತ್ತಿದ್ದರು. ಸಾಲುಸಾಲು ಯಂತ್ರಗಳ ಸದ್ದನ್ನು ಮೀರಿಸಿ ಮಾತಾಡಿ ಪಳಗಿದ ಗಂಟಲು ಅವರದು. ಮನೆಯಲ್ಲಿ ಉಪ್ಪು ಕೇಳಿದರೂ ಬೀದಿಯ ಆ ತುದಿಯವರು ತಿರುಗಿ ನೋಡುತ್ತಿದ್ದರು. ತಮ್ಮದು ತಪ್ಪು ಎಂದು ಅವರು ಒಪ್ಪಿಕೊಂಡದ್ದು ಅಪರೂಪ. ಅಕ್ಷರ ತಪ್ಪಿದರೆ ಬೈಗುಳ ಯಂತ್ರಕ್ಕೆ ಬೀಳುತ್ತಿತ್ತು.

ಅಪ್ಪ, ದೊಡ್ಡಪ್ಪ ಸೇರಿ ಗುಡ್ಡದ ಬುಡದಲ್ಲಿ ಒಂದು ಸೈಟು ಕೊಂಡರು. ಎರಡು ಪಾಲು ಮಾಡಿ ಅಕ್ಕಪಕ್ಕ ಮನೆ ಕಟ್ಟುವುದೆಂದು ಮಾತಾಯಿತು. ಗುಡ್ಡದ ಕಡೆಯ ಅರ್ಧ ಕೆಂಪು ಗರಸು. ಗುದ್ದಲಿ ಹಾಕಿದರೆ ಠಣ್ ಅನ್ನುತ್ತಿತ್ತು. ತಗ್ಗಿನ ಕಡೆಯದು ಕಪ್ಪು ಎರೆಮಣ್ಣು. ಹಿರಿಸೊಸೆಯೆಂದು ಆರಿಸುವ ಹಕ್ಕು ದೊಡ್ಡಮ್ಮನಿಗೆ ಸಿಕ್ಕಿತು. ಅವರು ಬಗ್ಗಿ ಒಂದು ಹಿಡಿ ಕಪ್ಪು ಮಣ್ಣು ತೆಗೆದು ಹಿಚುಕಿದರು.

"ಬೆಣ್ಣೆ ಇದ್ದ ಹಾಗಿದೆ ನೋಡೇ. ಇಲ್ಲಿ ಒಣಕಡ್ಡಿ ಚುಚ್ಚಿದ್ರೂ ಚಿಗುರುತ್ತೆ. ಇದು ನಂಗಿರ್ಲಿ."

"ನಂಗೆ?" ಅಂದಳು ಅಮ್ಮ.

"ನಿಂಗೆ ಗುಡ್ಡದ ಗಾಳಿ ಬರುತ್ತಲ್ಲ."

ಮನೆ ಕಟ್ಟಿ ಮುಗಿಯುವವರೆಗೂ ಅಮ್ಮ ಮುಖ ಗಂಟಿಕ್ಕಿಕೊಂಡೇ ಇದ್ದಳು. ಮೇಸ್ತ್ರಿ ಎಲ್ಲದಕ್ಕೂ "ಆಯ್ತಮ್ಮ" ಅನ್ನುವ ಮನುಷ್ಯ. ಎರಡು ಮನೆಗೂ ಪಾಯ ಇಷ್ಟೇ ಆಳ ಸಾಕಾ ಅಂದರೆ ಆಯ್ತಮ್ಮ, ಇನ್ನೂ ಆಳ ಬೇಕಾ ಅಂದರೂ ಆಯ್ತಮ್ಮ. ಕೊನೆಗೆ ಸಾಕೆಂದು ದೊಡ್ಡಮ್ಮನೇ ತೀರ್ಮಾನಿಸಿದರು.

ಮೊದಮೊದಲು ಅವರ ಹಿತ್ತಲಲ್ಲಿ ಬದನೆ, ಟೊಮೇಟೊ, ಬೀನ್ಸ್ ಸೊಕ್ಕಿ ಬೆಳೆದವು. ನಮ್ಮ ಹಿತ್ತಲಲ್ಲಿ ಅಮ್ಮ ನೆಟ್ಟ ಗುಲಾಬಿ ಕಡ್ಡಿಯಾಗಿ ನಿಂತಿತು. ಹೊಯ್ದ ನೀರು ಬೇರಿಗೆ ತಾಗುವ ಮೊದಲೇ ಗರಸಿನಲ್ಲಿ ಇಳಿದುಹೋಗುತ್ತಿತ್ತು. ನಡುವೆ ಇದ್ದದ್ದು ಮೊಣಕಾಲೆತ್ತರದ ಗೋಡೆ. ಅದರ ಆಚೆಯಿಂದ ದೊಡ್ಡಮ್ಮ, "ಗಿಡಕ್ಕೆ ಕೈಗುಣ ಬೇಕು ಕಣೇ" ಎಂದು ಬೀದಿಗೆಲ್ಲ ಕೇಳುವಂತೆ ಸಮಾಧಾನ ಹೇಳಿದರು.

ಆಮೇಲೆ ಮಳೆಗಾಲ ಬಂತು. ಎರೆಮಣ್ಣು ನೀರು ಕುಡಿದು ಉಬ್ಬಿತು. ಪಾಯ ಮೇಲೆದ್ದು, ಚೌಕಟ್ಟು ಸೊಟ್ಟಗಾಗಿ, ದೊಡ್ಡಮ್ಮನ ಮನೆಯ ಬಾಗಿಲುಗಳು ಬಿಗಿದುಕೊಂಡವು. ಬಚ್ಚಲಲ್ಲಿ ಸಿಕ್ಕಿಹಾಕಿಕೊಂಡ ದೊಡ್ಡಪ್ಪ ಕಿಟಕಿಯಿಂದ ಅಪ್ಪನನ್ನು ಕೂಗಿದರು. ಅಪ್ಪ ಭುಜ ಕೊಟ್ಟು ತಳ್ಳಿದ ರಭಸಕ್ಕೆ ಬಾಗಿಲ ಸಮೇತ ಅಣ್ಣನ ಮೇಲೆಯೇ ಬಿದ್ದರು.

"ಹೊಸ ಮರ. ಹದ ಆಗ್ಬೇಕು," ಅಂದರು ದೊಡ್ಡಮ್ಮ.

ಅದಕ್ಕಿಂತ ದೊಡ್ಡ ಫಜೀತಿ ಸೆಪ್ಟಿಕ್ ಟ್ಯಾಂಕಿನದು. ಅದರಿಂದ ಹೊರಬರುವ ನೀರಿಗೆಂದು ಇಂಗುಗುಂಡಿ ತೋಡಿಸಿದ್ದರು. ಎರೆಮಣ್ಣು ಆ ನೀರನ್ನು ಹೀರಿಕೊಳ್ಳಲಿಲ್ಲ. ಗುಂಡಿ ತುಂಬಿತು, ಟ್ಯಾಂಕು ತುಂಬಿತು, ಕಕ್ಕಸು ಗುಳುಗುಳು ಎಂದು ಎದುರು ಮಾತಾಡತೊಡಗಿತು.

ಇದನ್ನು ದೊಡ್ಡಮ್ಮ ಯಾರಿಗೂ ಹೇಳಲಿಲ್ಲ. ಬೆಳಗಾದರೆ ಆ ಮನೆಯವರು ಒಬ್ಬೊಬ್ಬರಾಗಿ ನಮ್ಮಲ್ಲಿಗೆ ಬರತೊಡಗಿದರು, ಅಷ್ಟೇ. ದೊಡ್ಡಪ್ಪ ಕೊಡೆ ಹಿಡಿದು "ಪೇಪರ್ ಬಂತಾ?" ಎನ್ನುತ್ತ ಬಂದು, ಪೇಪರಿನ ಕಡೆ ನೋಡದೆ ನೆಟ್ಟಗೆ ಹಿತ್ತಲಿಗೆ ನಡೆಯುತ್ತಿದ್ದರು. ನಮ್ಮ ಕಕ್ಕಸು ಇದ್ದದ್ದು ಅಲ್ಲೇ. ದೊಡ್ಡಮ್ಮನ ಮಗಳು ನನ್ನ ಹತ್ತಿರ ಲೆಕ್ಕ ಹೇಳಿಸಿಕೊಳ್ಳಲು ಬರುತ್ತಿದ್ದಳು; ಅವಳು ನನಗಿಂತ ಮುಂದಿನ ತರಗತಿಯಲ್ಲಿದ್ದಳು. ದೊಡ್ಡಮ್ಮ ಮಾತ್ರ ಎಲ್ಲರೂ ಏಳುವ ಮುಂಚೆ ಗೋಡೆ ದಾಟಿ ಬಂದು ಹೋಗುತ್ತಿದ್ದರು.

ಇತ್ತ ನಮ್ಮ ಗುಲಾಬಿ ಇದ್ದಕ್ಕಿದ್ದಂತೆ ಚಿಗುರಿತ್ತು. ಹೇಗೆಂದು ನಾವ್ಯಾರೂ ಕೇಳಿರಲಿಲ್ಲ.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಲಿಗೆ ಹೋದೆ. ಅಮ್ಮ ದೊಡ್ಡಮ್ಮನ ಹಿತ್ತಲಿನಿಂದ ಒಂದು ಬಕೆಟ್ಟು ಹೊತ್ತು ಗೋಡೆ ದಾಟುತ್ತಿದ್ದಳು. ಅದೇ ಹೊತ್ತಿಗೆ ನಮ್ಮ ಕಕ್ಕಸಿನ ಬಾಗಿಲು ತೆರೆದು ದೊಡ್ಡಮ್ಮ ಹೊರಬಂದರು.

"ಏನಕ್ಕ, ಇಷ್ಟು ಬೇಗ?"

"ನಿನ್ನ ಗುಲಾಬಿ ನೋಡೋಣಾಂತ ಬಂದೆ. ಕೈಲೇನೇ ಅದು?"

"ಬಕೆಟ್ಟು."

"ಬಕೆಟ್ಟಲ್ಲಿ?"

ಬಕೆಟ್ಟಿನ ತುಂಬ ಎರೆಮಣ್ಣು. ಅಮ್ಮ ಅದನ್ನೊಮ್ಮೆ ನೋಡಿದಳು, ಕಕ್ಕಸಿನ ಬಾಗಿಲನ್ನೊಮ್ಮೆ ನೋಡಿದಳು. "ಗುಲಾಬಿ ಅಲ್ಲಿಲ್ವಲ್ಲಕ್ಕ," ಅಂದಳು.

ದೊಡ್ಡಮ್ಮ ದನಿ ತಗ್ಗಿಸಿದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು. "ನೀರು ಇಂಗ್ತಾನೇ ಇಲ್ಲ ಕಣೇ. ಯಾರಿಗೂ ಹೇಳ್ಬೇಡ."

"ಭಾವ ದಿನಾ ಓಡೋಡಿ ಬರೋದು ಪೇಪರಿಗೇ ಅಂದ್ಕೊಂಡಿದ್ದೀನಾ ನಾನು?"

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಗೋಡೆಯ ಮೇಲೆ ಕೂತುಬಿಟ್ಟಳು. ಕೊನೆಗೆ ದೊಡ್ಡಮ್ಮನೂ ನಕ್ಕರು, ತಮ್ಮ ಎಂದಿನ ಗಂಟಲಲ್ಲಿ. ಅಕ್ಕಪಕ್ಕದ ಕಿಟಕಿಗಳು ತೆರೆದುಕೊಂಡವು.

ಮಳೆ ಬಿಡುವು ಕೊಟ್ಟ ಕೂಡಲೇ ನಮ್ಮ ಕಡೆಯ ಗರಸಿನಲ್ಲಿ ಇನ್ನೊಂದು ಗುಂಡಿ ತೋಡಿಸಿ, ಗೋಡೆಯ ಅಡಿಯಿಂದ ಪೈಪು ಹಾಕಿಸಿ, ತಗ್ಗಿನ ನೀರು ಮೇಲೆತ್ತಲು ಒಂದು ಪಂಪು ಕೂರಿಸಿದರು. ಅವರ ನೀರು ಅಲ್ಲಿ ಸರಾಗವಾಗಿ ಇಂಗಿತು. ಅದಕ್ಕೆ ಬದಲಾಗಿ ಅವರ ಹಿತ್ತಲಲ್ಲಿ ಅರ್ಧ ಅಮ್ಮನದಾಯಿತು. ಬಾಗಿಲುಗಳಿಗೆ ಮಾತ್ರ ಮದ್ದು ಸಿಗಲಿಲ್ಲ. ಮಳೆಗಾಲದಲ್ಲಿ ಒಳಗಿನವನ್ನೆಲ್ಲ ಕಳಚಿಟ್ಟು ಪರದೆ ಕಟ್ಟುತ್ತಿದ್ದರು, ಬಚ್ಚಲಿಗೂ. ಸ್ನಾನಕ್ಕೆ ಹೋದವರು ಹಾಡುತ್ತಲೇ ಇರಬೇಕೆಂದು ದೊಡ್ಡಮ್ಮ ಕಾನೂನು ಮಾಡಿದರು. ದೊಡ್ಡಪ್ಪ ಹಾಡತೊಡಗಿದರೆ ಬಚ್ಚಲಿನ ಹತ್ತಿರವಿರಲಿ, ಮನೆಯ ಹತ್ತಿರವೂ ಯಾರೂ ಸುಳಿಯುತ್ತಿರಲಿಲ್ಲ.

ಇಷ್ಟಾದ ಮೇಲೆ ದೊಡ್ಡಮ್ಮ ಮಣ್ಣಿನ ವಿಷಯದಲ್ಲಿ ಊರಿಗೇ ಬುದ್ಧಿ ಹೇಳತೊಡಗಿದರು. ಯಾರು ಸೈಟು ಕೊಳ್ಳಲು ಹೊರಟರೂ ಜೊತೆಗೆ ಹೋಗಿ, ಗುಂಡಿ ತೋಡಿಸಿ, ನೀರು ಸುರಿಸಿ, ಕುರ್ಚಿ ಹಾಕಿಸಿಕೊಂಡು ಅದು ಇಂಗುವುದನ್ನು ಕಾಯುವರು. ಒಮ್ಮೆ ಬ್ಯಾಂಕಿನ ಗುಮಾಸ್ತರೊಬ್ಬರು ನೋಡಿದ ಸೈಟಿನಲ್ಲಿ ಸುರಿದ ನೀರೆಲ್ಲ ಗಟಗಟನೆ ಮಾಯವಾಯಿತು.

"ಇಂಥ ಮಣ್ಣು ನಾನು ಕಂಡೇ ಇಲ್ಲ. ಕಣ್ಣು ಮುಚ್ಚಿ ತಗೊಳ್ಳಿ."

ಅಷ್ಟರಲ್ಲಿ ಪಕ್ಕದ ಪೊದೆಯಿಂದ ತೊಯ್ದು ತೊಪ್ಪೆಯಾದ ಹೆಗ್ಗಣವೊಂದು ಹೊರಬಂದು, ಮೈ ಕೊಡವಿ, ಎಲ್ಲರ ಮುಂದೆಯೇ ಹಾದುಹೋಯಿತು. ಗುಮಾಸ್ತರು ದೊಡ್ಡಮ್ಮನ ಮುಖ ನೋಡಿದರು.

"ಬಿಲ ತೋಡೋಕೆ ಅದೂ ಒಳ್ಳೆ ಮಣ್ಣೇ ಹುಡುಕುತ್ತೆ ಕಣ್ರೀ," ಎಂದ ದೊಡ್ಡಮ್ಮ, ಕುರ್ಚಿಯನ್ನು ಸ್ವಲ್ಪ ಆಚೆ ಸರಿಸಿಕೊಂಡು, ಅಲ್ಲೊಂದು ಹೊಸ ಗುಂಡಿ ತೋಡಿಸಿದರು.