ಗೋಧಿ ಕಾಫಿಯ ಅಜ್ಜಿ

ಮೊನ್ನೆ ಹುರಿಹಿಟ್ಟಿಗೆಂದು ಗೋಧಿ ಹುರಿಯುತ್ತಿದ್ದಾಗ ಫೋನು ಬಂತು, ಬಾಣಲೆಯಲ್ಲಿದ್ದದ್ದು ಸೀದು ಕಪ್ಪಾಯಿತು. ಆ ವಾಸನೆಗೆ ಮಂಗಳೂರಿನ ಈ ಅಡುಗೆಮನೆಯಲ್ಲೇ ದೋಹಾದ ಅಲ್ ಸದ್ದ್‌ನ ನಮ್ಮ ಹಳೆಯ ಫ್ಲ್ಯಾಟು ನೆನಪಾಯಿತು. ಜೊತೆಗೆ ಎದುರು ಬಾಗಿಲಿನ ಅಜ್ಜಿಯೂ… ಇಷ್ಟು ವರ್ಷವಾದರೂ ಆಕೆಯ ಮೇಲಿನ ಸಿಟ್ಟು ಆರಿಲ್ಲ ನೋಡಿ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಅಜ್ಜಿಯ ಮಗ, ನನ್ನ ಗಂಡ ಇಬ್ಬರಿಗೂ ರಾಸ್ ಲಫಾನ್‌ನ ಗ್ಯಾಸ್ ಕಾರ್ಖಾನೆಯಲ್ಲಿ ಕೆಲಸ. ಅಜ್ಜಿ ಕೆನಡಾದವಳು, ಮೆನ್ನೊನೈಟ್ ಎಂಬ ಕ್ರೈಸ್ತ ಪಂಗಡದ ರೈತಾಪಿ ಮನೆತನ. ಗಂಡಸರು ಡ್ಯೂಟಿಗೆ ಹೋದ ಮೇಲೆ ಹುರಿದ ಗೋಧಿಪುಡಿಯ ಕಾಫಿ ಮಾಡಿ ಕರೆಯುತ್ತಿದ್ದಳು. ಕಾಫಿ ಬೀಜ ಕೊಳ್ಳಲಾಗದ ಕಾಲದ ಅಭ್ಯಾಸವಂತೆ. ನಮ್ಮ ಕಾಫಿಯ ಮುಂದೆ ಅದು ಬರೀ ಕಷಾಯ. ಆದರೂ ಕತೆಯ ಆಸೆಗೆ ಕುಡಿಯುತ್ತಿದ್ದೆ.

ಆಕೆ ಚಿಕ್ಕವಳಿದ್ದಾಗ ಕೆಲವು ಕುಟುಂಬಗಳು ಖಾಲಿ ಬಯಲಿಗೆ ಬಂದು ನೆಲೆ ನಿಂತವಂತೆ. ಹುಲ್ಲುಬೇರು ಸಮೇತ ಕೊಯ್ದ ಮಣ್ಣಿನ ಹೆಂಟೆಗಳ ಗೋಡೆ, ಒಲೆಗೆ ಹೊಸೆದ ಒಣಹುಲ್ಲು, ಗೋಡೆಯ ಆಚೆಗೇ ಹಸು… ಒಂದು ಚಳಿಗಾಲ ದವಸ ಮುಗಿಯುತ್ತಾ ಬಂದಾಗ ಅಪ್ಪ, ಬಿತ್ತನೆಯ ಗೋಧಿಯನ್ನೂ ಬೀಸಿಬಿಡು ಎಂದನಂತೆ. ಅಮ್ಮ ಒಂದು ಚೀಲವನ್ನು ಹಾಸಿಗೆಯ ಕೆಳಗೆ ಅಡಗಿಸಿ, ಇಲಿ ತಿಂದಿತು ಎಂದಳಂತೆ. ಹಿಮ ಕರಗಿದ ಮೇಲೆ ಹೊಲಕ್ಕೆ ಬಿದ್ದದ್ದು ಆ ಚೀಲದ ಕಾಳೇ.

"ಅಮ್ಮ ಬಾಯಿ ಬಿಟ್ಟಿದ್ದರೆ ನಾವ್ಯಾರೂ ಉಳಿಯುತ್ತಿರಲಿಲ್ಲ ಮಗಳೇ," ಎಂದಿದ್ದಳು ಅಜ್ಜಿ.

ಆ ಮಾತಿನ ಧೈರ್ಯದಿಂದ ನನ್ನ ಗುಟ್ಟನ್ನೂ ಹೇಳಿದೆ. ಬಿ.ಎಡ್. ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಹತ್ತಿರದ ಶಾಲೆಯೊಂದರಿಂದ ಇಂಟರ್‌ವ್ಯೂಗೆ ಕರೆ ಬಂದಿತ್ತು. ಹೆಂಡತಿ ದುಡಿಯುವುದೆಂದರೆ ನನ್ನವರಿಗೆ ಆಗದು. ಕೆಲಸ ಸಿಕ್ಕಿದ ಮೇಲೆ ಹೇಗಾದರೂ ಒಪ್ಪಿಸುತ್ತೇನೆ, ಅಲ್ಲಿಯವರೆಗೆ ಯಾರಿಗೂ ಹೇಳಬೇಡಿ ಎಂದೆ. ಅಜ್ಜಿ ನನ್ನ ಕೈ ಅದುಮಿದಳು. ಅದನ್ನು ಒಪ್ಪಿಗೆ ಅಂದುಕೊಂಡೆ…

ಅಲ್ಲಿ ವಾರದ ರಜೆ ಭಾನುವಾರವಲ್ಲ, ಶುಕ್ರವಾರ; ಅಂದು ಎರಡೂ ಮನೆಯವರು ಕೂಡಿ ಉಣ್ಣುವುದು ವಾಡಿಕೆ. ಊಟದ ಮಧ್ಯೆ ಅಜ್ಜಿ ನನ್ನವರ ಕಡೆ ತಿರುಗಿ, ಭಾನುವಾರ ಹೆಂಡತಿಯನ್ನು ಹರಸಿ ಇಂಟರ್‌ವ್ಯೂಗೆ ಕಳಿಸು ಎಂದುಬಿಟ್ಟಳು. ಅವರೆದುರು ನಗುತ್ತಲೇ ಇದ್ದ ನನ್ನವರು ನಮ್ಮ ಮನೆಯ ಬಾಗಿಲು ಹಾಕಿದ ಮೇಲೆ ತಿರುಗಿ ನಿಂತರು.

"ನಿಂಗೆ ಇಲ್ಲಿ ಎಂತ ಕಮ್ಮಿ ಆದದ್ದು? ಊರಿಡೀ ಗೊತ್ತಾದ ಮೇಲೆ ಗಂಡನಿಗೆ ಹೇಳುವುದಾ? ಖಲಾಸ್, ಇನ್ನು ಆ ವಿಷಯ ಬೇಡ."

ಭಾನುವಾರ ನಾನು ಮನೆಯಲ್ಲೇ ಇದ್ದೆ. ಸೋಮವಾರ ಅಜ್ಜಿಯ ಮುಂದೆ ಹೋಗಿ ನಿಂತೆ. ನಿಮ್ಮ ಅಮ್ಮನೂ ಗಂಡನಿಗೆ ಮುಚ್ಚಿಟ್ಟಿದ್ದರಲ್ಲ ಎಂದೆ.

"ಮುಚ್ಚಿಟ್ಟದ್ದು ತಪ್ಪು ಅಂತ ಬಿತ್ತನೆಯಾದ ಮೇಲೆ ಚರ್ಚಿನ ಸಭೆಯಲ್ಲಿ ಎಲ್ಲರೆದುರು ಎದ್ದು ನಿಂತು ಒಪ್ಪಿಕೊಂಡಳು," ಎಂದಳು ಅಜ್ಜಿ. "ನಮ್ಮಲ್ಲಿ ಗುಟ್ಟನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಮಗಳೇ."

ಅರ್ಧ ಕತೆ ಹೇಳಿ ನನ್ನ ಬಾಯಿ ಬಿಡಿಸಿದ್ದಳು!

"ಅವರು ಹೇಳಿದ್ದು ಬಿತ್ತಿದ ಮೇಲೆ ಅಜ್ಜಿ," ಎಂದೆ. "ನನ್ನದು ಇನ್ನೂ ಚೀಲದಲ್ಲೇ ಇತ್ತಲ್ಲ."

ಮತ್ತೆ ನಾನು ಆ ಬಾಗಿಲು ತಟ್ಟಲಿಲ್ಲ. ಊರಿಗೆ ಮರಳಿದ ಅಜ್ಜಿ ತೀರಿಕೊಂಡಳೆಂದು ಮಗ ತಿಳಿಸಿದಾಗ ಅಳು ಬಂತು, ಕ್ಷಮಿಸಲು ಮನಸ್ಸು ಬರಲಿಲ್ಲ.

ಆಮೇಲೆ ನಾನು ಯಾವ ಕೆಲಸಕ್ಕೂ ಅರ್ಜಿ ಹಾಕಲಿಲ್ಲ. ಗೆಳತಿಯರೇನೋ ಆದರು, ಪಾಯಸ, ಪತ್ರೊಡೆ ಕೊಟ್ಟು ತೆಗೆದುಕೊಂಡದ್ದೂ ಆಯಿತು, ಆದರೆ ಯಾರೊಡನೆಯೂ ಮನಸ್ಸು ಬಿಚ್ಚಲಿಲ್ಲ. ಈಗ ರಿಟೈರಾಗಿ ಮನೆಯಲ್ಲಿರುವ ನನ್ನವರೇ ಕೆಲವೊಮ್ಮೆ ಕೇಳುತ್ತಾರೆ, "ನೀನು ಎಂತ, ಮನಸ್ಸಲ್ಲಿ ಇರುವುದನ್ನು ಹೇಳುವುದೇ ಇಲ್ಲ?"

ಏನೂ ಇಲ್ಲ ಎನ್ನುತ್ತೇನೆ.